ಬೆಲೆ, ಮೌಲ್ಯ, ಕಿಮ್ಮತ್ತು: ಹಳೆಯ ಸ್ಪೋರ್ಟ್ಸ್ ಕಾರೊಂದರ ಲೆಕ್ಕ

ನಾಸಿಕ್ ರೋಡ್‌ನಲ್ಲಿ ಎತ್ತರದ ಗೋಡೆಗಳ ಹಿಂದೆ ಎರಡು ಮುದ್ರಣಾಲಯಗಳಿವೆ. ಇಂಡಿಯಾ ಸೆಕ್ಯೂರಿಟಿ ಪ್ರೆಸ್ 1925ರಲ್ಲಿ ಶುರುವಾಯಿತು. ಅಲ್ಲಿಯವರೆಗೆ ಭಾರತದ ಅಂಚೆಚೀಟಿಗಳು ಲಂಡನ್ನಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ಕರೆನ್ಸಿ ನೋಟ್ ಪ್ರೆಸ್ 1928ರಲ್ಲಿ ಐದು ರೂಪಾಯಿಯ ನೋಟಿನಿಂದ ಕೆಲಸ ಆರಂಭಿಸಿತು. ಅಂಚೆಚೀಟಿ, ಛಾಪಾಕಾಗದ, ರೆವೆನ್ಯೂ ಸ್ಟ್ಯಾಂಪ್, ನೋಟು, ಪಾಸ್‌ಪೋರ್ಟ್. ಸುಮಾರು ನೂರು ವರ್ಷಗಳಿಂದ ಈ ಊರಿನ ದೊಡ್ಡ ಕಸುಬು ಕಾಗದಕ್ಕೆ ಬೆಲೆ ಕೊಡುವುದು. ಅಲ್ಲಿ ಅಚ್ಚಾದ ನೂರು ರೂಪಾಯಿಯ ನೋಟು ಹೊಸದಿರಲಿ, ಮಡಿಚಿ ಮಾಸಿರಲಿ, ಅದರ ಬೆಲೆ ಎಷ್ಟೆಂದು ಯಾರೂ ಚೌಕಾಸಿ ಮಾಡುವುದಿಲ್ಲ.

ಅದೇ ಊರಿನಲ್ಲಿ ಯಾರದೋ ಶೆಡ್ಡಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಹೊರಗೆ ತಳ್ಳಿ ಮಾರಾಟಕ್ಕೆ ನಿಲ್ಲಿಸಿದರೆ ಅದರ ಬೆಲೆ ಎಲ್ಲಿಯೂ ಬರೆದಿರುವುದಿಲ್ಲ. ಗುಜರಿಯವನು ತೂಕ ನೋಡುತ್ತಾನೆ. ಮೆಕ್ಯಾನಿಕ್ ಎಂಜಿನ್ ಸದ್ದು ಕೇಳುತ್ತಾನೆ. ಸಂಗ್ರಾಹಕ ಬಗ್ಗಿ ಚಾಸಿಸ್ ನಂಬರ್ ಹುಡುಕುತ್ತಾನೆ. ಆರ್‌ಟಿಒ ಕಚೇರಿಯವರು ನೋಂದಣಿಯ ಇಸವಿ ಕೇಳುತ್ತಾರೆ. ನಾಲ್ವರೂ ಒಂದೇ ಕಾರನ್ನು ನೋಡಿ ನಾಲ್ಕು ಅಂಕಿ ಹೇಳುತ್ತಾರೆ, ಮತ್ತು ಅವರವರ ಲೆಕ್ಕದಲ್ಲಿ ನಾಲ್ವರೂ ಸರಿ.

ಕನ್ನಡದಲ್ಲಿ ಈ ಗೊಂದಲಕ್ಕೆ ಮೂರು ಪದಗಳಿವೆ. 'ಬೆಲೆ' ಅಚ್ಚ ದ್ರಾವಿಡ ಪದ. ತಮಿಳಿನ 'ವಿಲೈ', ತೆಲುಗಿನ 'ವೆಲ' ಅದರ ಒಡಹುಟ್ಟುಗಳು. ತಮಿಳಿನಲ್ಲಿ 'ವಿಲ್' ಎಂದರೆ ಮಾರು. ಅಂದರೆ ಬೆಲೆ ಹುಟ್ಟುವುದು ಮಾರಾಟದಲ್ಲಿ. 'ಮೌಲ್ಯ' ಸಂಸ್ಕೃತದ 'ಮೂಲ'ದಿಂದ ಬಂದದ್ದು. ಬೇರಿಗೆ, ಹುಟ್ಟಿಗೆ ಸಂಬಂಧಿಸಿದ್ದು. 'ಕಿಮ್ಮತ್ತು' ಅರಬ್ಬಿಯಿಂದ ಹೊರಟು ಫಾರಸಿ, ಮರಾಠಿಗಳನ್ನು ಹಾದು ಉತ್ತರ ಕರ್ನಾಟಕದ ಮಾತಿಗೆ ಸೇರಿದೆ. ಧಾರವಾಡದ ಕಡೆ 'ಅವಂಗ ಕಿಮ್ಮತ್ತಿಲ್ಲ' ಎಂದರೆ ಅವನಿಗೆ ರೇಟು ಕಡಿಮೆ ಎಂದಲ್ಲ, ಮರ್ಯಾದೆ ಇಲ್ಲ ಎಂದು. ಮಾರಾಟ, ಮೂಲ, ಮರ್ಯಾದೆ: ಹಳೆಯ ಕಾರಿಗೆ ಅಂಕಿ ಕಟ್ಟುವವರು ಈ ಮೂರನ್ನೂ ಕೂಡಿಸಬೇಕು. ತೊಂದರೆಯೆಂದರೆ ಮೂರೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

* * *

ಸಾಮಾನ್ಯ ಕಾರಿನ ಲೆಕ್ಕ ಸುಲಭ. ಅಮೆರಿಕದಲ್ಲಿ ಕೆಲ್ಲಿ ಬ್ಲೂ ಬುಕ್ 1926ರಲ್ಲೇ ಹಳೆಯ ಕಾರುಗಳ ದರಪಟ್ಟಿ ಅಚ್ಚು ಹಾಕಿಸಿತು. ಇಂಗ್ಲೆಂಡಿನ ಗ್ಲಾಸಸ್ ಗೈಡ್ 1933ರಲ್ಲಿ ಬಂತು. ಭಾರತದಲ್ಲಿ ಅಂಥ ಪುಸ್ತಕದ ಜಾಗದಲ್ಲಿ ಬಹುಕಾಲ ಇದ್ದದ್ದು ವಿಮೆಯ ಕೋಷ್ಟಕ. ಅದರ ಪ್ರಕಾರ ಕಾರು ಆರು ತಿಂಗಳೊಳಗಿದ್ದರೆ ಬೆಲೆಯಲ್ಲಿ ಶೇ. 5 ಕಡಿತ, ಒಂದು ವರ್ಷದವರೆಗೆ ಶೇ. 15, ಎರಡು ವರ್ಷಕ್ಕೆ ಶೇ. 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷದ ನಂತರ ಕೋಷ್ಟಕವೇ ಮುಗಿಯುತ್ತದೆ. ಅಲ್ಲಿಂದಾಚೆ ವಿಮೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ್ದೇ ಮೊತ್ತ. ನಲವತ್ತು ವರ್ಷದ ಕಾರಿನ ಪಾಲಿಗೆ ಅಧಿಕೃತ ಗಣಿತ ಮೂವತ್ತೈದು ವರ್ಷ ಹಿಂದೆಯೇ ನಿಂತುಹೋಗಿದೆ.

ಕೋಷ್ಟಕ ಮುಗಿದಲ್ಲಿ ಗುಜರಿಯ ತಕ್ಕಡಿ ಕಾಯುತ್ತಿರುತ್ತದೆ. ತಕ್ಕಡಿಯನ್ನು ನಂಬಿದರೆ ಏನಾಗಬಹುದು ಎಂಬುದಕ್ಕೆ ನಾಸಿಕ್ ರೋಡ್‌ನದೇ ಒಂದು ಕಥೆಯಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಡೆಸಿದ ಛಾಪಾಕಾಗದದ ಹಗರಣದಲ್ಲಿ ತನಿಖಾ ಸಂಸ್ಥೆಗಳು ಹೊರಗೆಳೆದ ಮುಖ್ಯ ಸಂಗತಿಗಳಲ್ಲೊಂದು, ಸೆಕ್ಯೂರಿಟಿ ಪ್ರೆಸ್ ಕೆಲಸದಿಂದ ತೆಗೆದುಹಾಕಿದ ಹಳೆಯ ಯಂತ್ರ ಅವನ ಕೈ ಸೇರಿದ್ದು. ಕಾಗದದ ಮೇಲೆ ಅದು ಹಳೆಯ ಕಬ್ಬಿಣ. ಅದರಿಂದ ಏನು ಮಾಡಬಹುದೆಂದು ಗೊತ್ತಿದ್ದವನಿಗೆ ಅದು ಬೇರೆಯೇ ವಸ್ತು. ಹಳೆಯ ಯಂತ್ರದ ಬೆಲೆ ಯಂತ್ರದಲ್ಲಿ ಮಾತ್ರ ಇರುವುದಿಲ್ಲ, ಅದನ್ನು ನೋಡುವವನ ತಿಳಿವಳಿಕೆಯಲ್ಲೂ ಇರುತ್ತದೆ. ಕಾರಿನ ಲೋಕದಲ್ಲಿ ಇದೇ ಮಾತು ಕಾನೂನಿನ ಒಳಗೇ, ದಿನನಿತ್ಯ ನಡೆಯುತ್ತದೆ.

* * *

ಹಳೆಯದು ಅಗ್ಗ ಎಂಬ ನಿಯಮವೇ ಭಾರತದಲ್ಲಿ ಮೂರು ದಶಕ ತಲೆಕೆಳಗಾಗಿತ್ತು. ಲೈಸೆನ್ಸ್ ಕಾಲದಲ್ಲಿ ಕಾರು ತಯಾರಿಸುತ್ತಿದ್ದ ಮುಖ್ಯ ಕಂಪನಿಗಳು ಮೂರು: ಕಲ್ಕತ್ತೆ ಬಳಿಯ ಹಿಂದೂಸ್ತಾನ್ ಮೋಟರ್ಸ್, ಮುಂಬಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. 1959ರ ನಿಯಂತ್ರಣ ಆದೇಶದ ಮೂಲಕ ಕಾರಿನ ಹಂಚಿಕೆ, ಮಾರಾಟ ಸರ್ಕಾರದ ಹತೋಟಿಗೆ ಬಂತು. ಬೆಲೆ ನಿಗದಿಯ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1971ರಲ್ಲಿ ತೀರ್ಪಾಯಿತು. ಅಂಬಾಸಡರ್, ಫಿಯಟ್, ಹೆರಾಲ್ಡ್‌ಗಳಿಗೆ ನ್ಯಾಯವಾದ ಬೆಲೆ ಎಷ್ಟು ಎಂದು ನ್ಯಾಯಮೂರ್ತಿಗಳು ಲೆಕ್ಕ ಹಾಕಬೇಕಾದ ಕಾಲ ಅದು.

ಆದರೆ ಕೋರ್ಟು ನಿಗದಿ ಮಾಡಬಹುದಾದದ್ದು ಹೊಸ ಕಾರಿನ ಬೆಲೆಯನ್ನು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಳೆಯ ಕಾರು ಇವತ್ತೇ ಸಿಗುತ್ತಿತ್ತು. ಹಾಗಾಗಿ ಸ್ವಲ್ಪವೇ ಓಡಿದ ಫಿಯಟ್ ಹೊಸ ಫಿಯಟ್‌ಗಿಂತ ದುಬಾರಿಯಾಯಿತು. ಬಜಾಜ್ ಚೇತಕ್ ಸ್ಕೂಟರಿಗೂ ಹಾಗೇ ಆಯಿತು. ಆ ಕಂಪನಿ 1985ರಲ್ಲಿ ಆಗಿನ ಔರಂಗಾಬಾದಿನ ವಾಳುಜ್‌ನಲ್ಲಿ ಎರಡನೆಯ ಕಾರ್ಖಾನೆ ತೆರೆದಾಗಲೂ ಸರದಿ ಪೂರ್ತಿ ಕರಗಿರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮೊದಲ ವರ್ಷಗಳಲ್ಲೂ ಷೋರೂಂ ಬೆಲೆಯ ಮೇಲೆ ಪ್ರೀಮಿಯಂ ಕೊಟ್ಟು ಕೊಂಡವರಿದ್ದರು. ಆ ಪ್ರೀಮಿಯಂ ಕಾರಿನ ಗುಣಕ್ಕೆ ಕೊಟ್ಟದ್ದಲ್ಲ, ಕಾಯುವುದನ್ನು ತಪ್ಪಿಸಿಕೊಂಡದ್ದಕ್ಕೆ.

ಇಂಥ ದೇಶದಲ್ಲಿ ಸ್ಪೋರ್ಟ್ಸ್ ಕಾರು ಹುಟ್ಟುವ ಮಾತೇ ಇರಲಿಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್‌ನ ಚಾಸಿಸ್ಸನ್ನು ಮೊಟಕುಗೊಳಿಸಿ ಇಂಗ್ಲೆಂಡಿನಲ್ಲಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಕಾರು ಮಾಡಿದರು. ಅದೇ ಹೆರಾಲ್ಡ್ ಮದ್ರಾಸಿಗೆ ಬಂದು ಸಂಸಾರಸ್ಥನಾಯಿತು, ಮುಂದೆ ಅದಕ್ಕೆ ನಾಲ್ಕು ಬಾಗಿಲು ಹಚ್ಚಿದರು. ಭಾರತದಲ್ಲಿದ್ದ ಸ್ಪೋರ್ಟ್ಸ್ ಕಾರುಗಳು ರಾಜಮನೆತನಗಳು, ಚಹಾ ತೋಟದ ಯಜಮಾನರು, ರಾಯಭಾರ ಕಚೇರಿಗಳವರು ತರಿಸಿಕೊಂಡವು. ಅವುಗಳ ಬಿಡಿಭಾಗ ಸಿಗುತ್ತಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ದೊಡ್ಡ ವಿದೇಶಿ ಕಾರುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಗ್ಯಾರೇಜಿನವರ ಆ ಜಾಣತನವೇ ಕಾರನ್ನು ರಸ್ತೆಯ ಮೇಲೆ ಉಳಿಸಿತು. ಐವತ್ತು ವರ್ಷದ ನಂತರ ಅದೇ ಜಾಣತನ ಕಾರಿನ ಮೌಲ್ಯಕ್ಕೆ ಏಟು ಕೊಡುತ್ತಿದೆ.

* * *

ಏಕೆಂದರೆ ಈಗ ಎಲ್ಲರೂ ಕೇಳುವುದು ಮೂಲವನ್ನು. ಚಾಸಿಸ್ ಮತ್ತು ಎಂಜಿನ್ ಮೇಲಿನ ನಂಬರುಗಳು ಕಾರ್ಖಾನೆಯ ದಾಖಲೆಗೆ ಹೊಂದಬೇಕು. ಗೇರ್‌ಬಾಕ್ಸ್ ಹುಟ್ಟಿನದೇ ಇರಬೇಕು. ಬಣ್ಣವೂ ಕಾರ್ಖಾನೆಯಿಂದ ಹೊರಟಾಗಿನದೇ ಆಗಿದ್ದರೆ ಇನ್ನೂ ಒಳ್ಳೆಯದು. 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ ಕಾರುಗಳಲ್ಲೊಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋದದ್ದು ಲೋಹದ ಬೆಲೆಯಲ್ಲ. 1962ರಿಂದ ಆ ಕಾರು ಯಾರ ಕೈಯಲ್ಲಿತ್ತು, ಯಾವ ಪಂದ್ಯದಲ್ಲಿ ಓಡಿತು ಎಂಬ ಮುರಿಯದ ಸರಪಳಿಯ ಬೆಲೆ.

ಸರಪಳಿ ಉಳಿದು ಲೋಹ ಬದಲಾಗಿದ್ದರೆ? ಈ ಪ್ರಶ್ನೆಯನ್ನು 1990ರಲ್ಲಿ ಲಂಡನ್ನಿನ ಹೈಕೋರ್ಟ್ ಎದುರಿಸಿತು. 'ಓಲ್ಡ್ ನಂಬರ್ ಒನ್' ಎಂಬ ಹೆಸರಿನ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರ ಲ ಮಾನ್ ಪಂದ್ಯಗಳನ್ನು ಗೆದ್ದಿತ್ತು. 1932ರಲ್ಲಿ ದೊಡ್ಡ ಎಂಜಿನ್ ಹಾಕಿಕೊಂಡು ಬ್ರೂಕ್‌ಲ್ಯಾಂಡ್ಸ್ ಪಂದ್ಯಕ್ಕೆ ಇಳಿದಾಗ ಅಪಘಾತವಾಗಿ ಚಾಲಕ ಸತ್ತ. ಉಳಿದದ್ದಕ್ಕೆ ಹೊಸ ಮೈ ಕಟ್ಟಿ ಕಾರು ಮುಂದುವರಿಯಿತು. ಅದರ ಮಾಲೀಕರು ಕಾರನ್ನು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಂಡ ಕಂಪನಿ ಆಮೇಲೆ ಹಿಂದೆ ಸರಿದು 'ಇದು ಆ ಕಾರೇ ಅಲ್ಲ' ಎಂದಿತು. ಕೋರ್ಟಿನಲ್ಲಿ ಒಂದೊಂದೇ ಭಾಗದ ಜಾತಕ ಬಿಚ್ಚಿದರು. 1929ರಲ್ಲಿ ಗೆದ್ದ ಕಾರಿನಿಂದ ಉಳಿದಿದ್ದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ ಮತ್ತು ಸ್ಟಿಯರಿಂಗ್ ಕಾಲಮ್. ಅಷ್ಟೇ.

ಆದರೂ ನ್ಯಾಯಮೂರ್ತಿ ಓಟನ್ ತೀರ್ಪು ಕೊಟ್ಟದ್ದು ಮಾರಿದವರ ಪರವಾಗಿ. ಕಾರನ್ನು 'ಒರಿಜಿನಲ್' ಎನ್ನಲಾಗದು, ಆದರೆ ನಕಲಿಯೂ ಅಲ್ಲ. ಪಂದ್ಯದ ಕಾರು ಓಡುತ್ತ ಓಡುತ್ತ ಭಾಗಗಳನ್ನು ಬದಲಿಸಿಕೊಳ್ಳುತ್ತದೆ. ಒಂದು ಕಾರು ಸತ್ತು ಇನ್ನೊಂದು ಅದರ ಹೆಸರು ಕದ್ದ ಕ್ಷಣ ಇಲ್ಲಿ ಎಲ್ಲಿಯೂ ಇಲ್ಲ. ಬದುಕು ಎಡೆಬಿಡದೆ ಮುಂದುವರಿದಿದೆ. ಆದ್ದರಿಂದ ಅದು ಓಲ್ಡ್ ನಂಬರ್ ಒನ್ ಎಂದೇ ಕರೆಸಿಕೊಳ್ಳಬಹುದು. ಕೊಂಡವರು ಹಣ ಕೊಡಬೇಕಾಯಿತು. ಮನೆಯ ಹಳೆಯ ನೇಗಿಲಿಗೆ ಮೇಳಿ, ಈಸು ಎಲ್ಲ ಬದಲಾಗಿದ್ದರೂ 'ಅಜ್ಜನ ನೇಗಿಲು' ಎನ್ನುವ ರೈತನಿಗೆ ಈ ತೀರ್ಪು ಆಶ್ಚರ್ಯ ತರಲಾರದು.

ಭಾರತದ ನಿಯಮ ಇಷ್ಟು ಉದಾರವಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ ಮೊದಲ ಬಾರಿಗೆ 'ವಿಂಟೇಜ್ ವಾಹನ' ಎಂದರೇನೆಂದು ಹೇಳಿತು: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ'. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಮೈಸೂರು ರಾಜ್ಯ ಕಾಲದ 'ಎಂವೈ' ಅಕ್ಷರಗಳ ಪ್ಲೇಟು ಉಳಿದಿರುವ ಕಾರಿಗೆ ಇದು ಸಣ್ಣ ಮಾತಲ್ಲ. ಆ ಪ್ಲೇಟೇ ಕಾರಿನ ಜನ್ಮಪತ್ರದ ಒಂದು ಹಾಳೆ. ಆದರೆ 1970ರ ದಶಕದಲ್ಲಿ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಬದುಕುಳಿದ ಕಾರು ಈ ಬಾಗಿಲಲ್ಲಿ ನಿಂತರೆ ಮೊದಲು ಕೇಳುವ ಪ್ರಶ್ನೆ ಎಂಜಿನ್‌ನದು.

* * *

ಮೂಲ ಸರಿಯಿದೆ ಎಂದುಕೊಳ್ಳೋಣ. ಆಗಲೂ ಒಂದು ಸಿಕ್ಕು ಉಳಿಯುತ್ತದೆ: ಓಡಿಸಿದ ಕಾರು ಹೆಚ್ಚೋ, ಓಡಿಸದ ಕಾರು ಹೆಚ್ಚೋ?

ಮುಂಬಯಿಯ ಸಂಬಳದಾರರೊಬ್ಬರು 1983ರಲ್ಲಿ 1931ರ ಮಾದರಿಯ ಫೋರ್ಡ್ ಟೂರರ್ ಕಾರನ್ನು 20,000 ರೂಪಾಯಿಗೆ ಕೊಂಡರು. ತೊಂಬತ್ತರ ದಶಕದ ಆರಂಭದಲ್ಲಿ ಅದನ್ನು 21 ಲಕ್ಷ ರೂಪಾಯಿಗೆ ಮಾರಿದರು. ಒಂದು ದಶಕದೊಳಗೆ 105 ಪಟ್ಟು. ಆದಾಯ ತೆರಿಗೆ ಕಾನೂನಿನಲ್ಲಿ ಸ್ವಂತ ಬಳಕೆಯ ವಸ್ತುಗಳನ್ನು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಒಡವೆ, ವರ್ಣಚಿತ್ರ, ಶಿಲ್ಪಗಳಂಥವು ಮಾತ್ರ ಈ ವಿನಾಯಿತಿಯ ಹೊರಗೆ. ಕಾರು ಆ ಹೊರಗಿನ ಪಟ್ಟಿಯಲ್ಲಿಲ್ಲ. ಆದ್ದರಿಂದ ತೆರಿಗೆಯಿಲ್ಲ ಎಂಬುದು ಮಾಲೀಕರ ವಾದ. ಇಲಾಖೆ ಕೇಳಿದ್ದು ಒಂದೇ ಪ್ರಶ್ನೆ: ಈ ಕಾರಿನಲ್ಲಿ ನೀವು ಓಡಾಡಿದ್ದಕ್ಕೆ ಪುರಾವೆ ಏನು? ಅವರ ಓಡಾಟಕ್ಕೆ ಕಂಪನಿಯ ಕಾರಿತ್ತು. ಫೋರ್ಡ್ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ವ್ಯಾಜ್ಯ ಮೇಲ್ಮನವಿ, ನ್ಯಾಯಮಂಡಳಿಗಳನ್ನು ಹತ್ತಿಳಿದು 2025ರಲ್ಲಿ ಬಾಂಬೆ ಹೈಕೋರ್ಟ್‌ನಲ್ಲಿ ಮುಗಿಯಿತು. ಬಳಸಬಹುದಾದ ವಸ್ತು ಎಂದರೆ ಸಾಲದು, ಸ್ವಂತಕ್ಕೆ ಬಳಸಿದ್ದು ರುಜುವಾತಾಗಬೇಕು ಎಂದಿತು ಕೋರ್ಟು. ಮಾಲೀಕರು ಸೋತರು.

ಈ ತೀರ್ಪನ್ನು ಮಾರುಕಟ್ಟೆಯ ಪಕ್ಕ ಇಟ್ಟು ನೋಡಬೇಕು. ಹಳೆಯ ಕಾರು ಕಡಿಮೆ ಓಡಿದ್ದಷ್ಟೂ ಕೊಳ್ಳುವವನು ಹೆಚ್ಚು ಕೊಡುತ್ತಾನೆ. ತೆರಿಗೆಯ ಕಾನೂನು ಅದೇ ಕಾರನ್ನು ಓಡಿಸಿದ್ದರೆ ಮಾತ್ರ 'ನಿಮ್ಮದು' ಎನ್ನುತ್ತದೆ. ಇನ್ನು 2021ರ ವಿಂಟೇಜ್ ನಿಯಮವೋ, ಅಂಥ ಕಾರನ್ನು ದಿನನಿತ್ಯ ಓಡಿಸಬಾರದು, ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬೇಕು ಎನ್ನುತ್ತದೆ. ಮಾರಾಟ ಒಂದು ಕಡೆ, ಮೂಲ ಒಂದು ಕಡೆ, ಬಳಕೆ ಮತ್ತೊಂದು ಕಡೆ. ಹಳೆಯ ಕಾರಿಗೆ ಅಂಕಿ ಕಟ್ಟುವವನು ಕೇವಲ ತುಕ್ಕು ನೋಡಿದರೆ ಸಾಲದು. ಈ ಮೂರು ಕಾನೂನುಗಳ ನಡುವೆ ಕಾರು ಎಲ್ಲಿ ನಿಂತಿದೆ ಎಂದೂ ನೋಡಬೇಕು.

* * *

ಐವತ್ತು ದಾಟಿದ ಕಾರಿಗೆ ಕೊನೆಗೂ ಒಂದು ಹೆಸರು, ಒಂದು ಪ್ಲೇಟು ಸಿಕ್ಕಿದೆ. ನಿಜವಾದ ಆತಂಕ ಇರುವುದು ಅದಕ್ಕಿಂತ ಚಿಕ್ಕ ವಯಸ್ಸಿನ ಕಾರುಗಳ ವಿಷಯದಲ್ಲಿ. ಎರಡು ಉದಾಹರಣೆ ಸಾಕು. ಎರಡೂ ಈ ನೆಲದಲ್ಲೇ ತಯಾರಾದವು.

ಮೊದಲನೆಯದಕ್ಕೆ ಬೆಂಗಳೂರಿನ ನಂಟಿದೆ. ವೈಟ್‌ಫೀಲ್ಡ್‌ನಲ್ಲಿ ರೈಲ್ವೆಗೆ ಬೇಕಾದ ಎಂಜಿನ್ನುಗಳನ್ನು ಕಟ್ಟುತ್ತಿದ್ದ ಸ್ಯಾನ್ ಸಮೂಹ 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಮಾರುಕಟ್ಟೆಗೆ ತಂದಿತು. ವಿನ್ಯಾಸ ಫ್ರಾನ್ಸಿನ ಲ ಮಾನ್ ಗ್ರೂಪ್‌ನದು, ಎಂಜಿನ್ 1,149 ಸಿಸಿಯ ರೆನೋ, ಕಾರ್ಖಾನೆ ಗೋವಾದಲ್ಲಿ. ಮೈ ಫೈಬರ್‌ಗ್ಲಾಸಿನದು. ಹಾಗಾಗಿ ಹಳೆಯ ಕಾರು ನೋಡಲು ಹೋದವರು ಬಾಗಿಲ ಅಂಚಿನಲ್ಲಿ ತುಕ್ಕು ಹುಡುಕುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಕೆಳಗಿನ ಉಕ್ಕಿನ ಚಾಸಿಸ್ ನೋಡಬೇಕು, ಮೈಮೇಲೆ ಬಿರುಕು ಹುಡುಕಬೇಕು. ವೇಗದಲ್ಲಿ ಅದು ದೊಡ್ಡ ಸ್ಪೋರ್ಟ್ಸ್ ಕಾರಲ್ಲ. ಮಾರಾಟವಾದದ್ದೂ ಬಹಳ ಕಡಿಮೆ. ವಿರಳ ಎಂಬ ಕಾರಣಕ್ಕೇ ಬೆಲೆ ಏರಬೇಕಿತ್ತು. ಆದರೆ ತೀರಾ ವಿರಳವಾದರೆ ಹೋಲಿಸಿ ನೋಡಲು ಇನ್ನೊಂದು ಮಾರಾಟವೇ ಇರುವುದಿಲ್ಲ, ಒಡೆದ ಹೆಡ್‌ಲೈಟಿಗೆ ಬದಲಿ ಸಿಗುವುದಿಲ್ಲ. ಬೆಲೆಗೆ ಮಾರಾಟ ಬೇಕು ಎಂದು ಆ ಪದವೇ ಹೇಳುತ್ತದಲ್ಲ.

ಎರಡನೆಯದು ಛತ್ರಪತಿ ಸಂಭಾಜಿನಗರದ್ದು. ಊರ ಹೊರಗಿನ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ 2001ರಲ್ಲಿ ಆಕ್ಟೇವಿಯಾ ಜೋಡಿಸಲು ಶುರು ಮಾಡಿತು. 2004ರಲ್ಲಿ ಅದೇ ಕಾರಿನ ಆರ್‌ಎಸ್ ರೂಪ ಬಂತು: 1.8 ಲೀಟರಿನ ಟರ್ಬೊ ಪೆಟ್ರೋಲ್, 150 ಅಶ್ವಶಕ್ತಿ. ನೋಡಲು ನಾಲ್ಕು ಬಾಗಿಲಿನ ಗೃಹಸ್ಥ ಕಾರು, ಓಡಿಸಿದರೆ ಬೇರೆಯೇ ಸ್ವಭಾವ. ಇದಕ್ಕೆ ಬೆಲೆ ಕಟ್ಟುವ ಕ್ರಮ ಸ್ಟಾರ್ಮ್‌ಗೆ ಪೂರ್ತಿ ವಿರುದ್ಧ. ಮಾರಾಟಗಳಿವೆ, ಹೋಲಿಕೆಗಳಿವೆ. ಆದರೆ ಉತ್ಸಾಹಿಗಳು ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಶಕ್ತಿ ಏರಿಸಿಕೊಂಡ ಆರ್‌ಎಸ್‌ಗಳೇ ಬಹಳ. ಕೈ ಹಾಕದ ಕಾರು ಸಿಕ್ಕರೆ ಅದೇ ಮೇಲು. ಇಪ್ಪತ್ತು ವರ್ಷದಲ್ಲಿ ಈ ಕಾರೂ ಮೂಲದ ಪ್ರಶ್ನೆಗೆ ಬಂದು ನಿಂತಿದೆ.

ಈ ಎರಡೂ ಕಾರು ಒಂದು ಕಣಿವೆಯಲ್ಲಿವೆ. 2021ರಲ್ಲಿ ವಿಂಟೇಜ್ ನಿಯಮ ಬಂದ ವರ್ಷವೇ ಗುಜರಿ ನೀತಿಯೂ ಬಂತು. ಅದರ ಪ್ರಕಾರ ಹಳೆಯ ವಾಹನವನ್ನು ಸ್ವ‌ಇಚ್ಛೆಯಿಂದ ಗುಜರಿಗೆ ಕೊಟ್ಟರೆ ಹೊಸ ಕಾರಿನ ಷೋರೂಂ ಬೆಲೆಯ ಶೇ. 4ರಿಂದ 6ರಷ್ಟು ಕೈಗೆ ಬರಬಹುದು. ಇಟ್ಟುಕೊಂಡರೆ ಖರ್ಚು ಏರುತ್ತದೆ: 15 ವರ್ಷದ ನಂತರ ಕಾರಿನ ನೋಂದಣಿ ನವೀಕರಣಕ್ಕೆ 2022ರಿಂದ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 2025ರಿಂದ 10,000. ಇಪ್ಪತ್ತರವರೆಗೆ ಅದು ಕಾರು, ಐವತ್ತರ ಮೇಲೆ ವಿಂಟೇಜ್. ನಡುವಿನ ಮೂವತ್ತು ವರ್ಷ ಕಾಗದದ ಮೇಲೆ ಅದು ಬರೀ ಹಳೆಯ ವಾಹನ. 1998ರ ಸ್ಟಾರ್ಮ್ ಆ ಪ್ಲೇಟಿಗೆ ಅರ್ಹವಾಗುವುದು 2048ರಲ್ಲಿ, ಮೊದಲ ಆರ್‌ಎಸ್ 2054ರಲ್ಲಿ. ಅಲ್ಲಿಯವರೆಗೆ ಅವನ್ನು ಉಳಿಸುವುದು ಬೆಲೆಯೂ ಅಲ್ಲ, ಮೌಲ್ಯವೂ ಅಲ್ಲ. ಕಿಮ್ಮತ್ತು. ಮನೆಯಲ್ಲಿ ಯಾರಾದರೊಬ್ಬರು 'ಇದನ್ನು ಕೊಡೋದಿಲ್ಲ' ಎಂದು ಹೇಳಿ ಪ್ರತಿ ಬಾರಿಯೂ ಶುಲ್ಕ ಕಟ್ಟಬೇಕು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಇವತ್ತು ಜನ ಟಿಕೆಟ್ ಕೊಟ್ಟು ನೋಡುವ ಕಾರುಗಳೂ ಒಮ್ಮೆ ಇಂಥ ಕಣಿವೆಯನ್ನು ದಾಟಿ ಬಂದವೇ.

* * *

ಹಾಗಾದರೆ ನಾಸಿಕ್ ರೋಡ್‌ನ ಆ ಶೆಡ್ಡಿನ ಮುಂದೆ ನಿಂತವರು ಅಂಕಿಗೆ ಬರುವುದು ಹೇಗೆ? ಕ್ರಮ ಹಳೆಯದೇ. ಮೊದಲು ಇದೇ ಮಾದರಿಯ ಕಾರು ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿಸಿತು ಎಂದು ಕೇಳಬೇಕು. ಮಾರುವವರು ಹೇಳಿದ ಬೆಲೆಯಲ್ಲ, ಕೊಂಡವರು ಕೊಟ್ಟ ಬೆಲೆ. ಅದರಿಂದ ಬಿಡಿಭಾಗ ತರಿಸಿ ಸರಿಪಡಿಸುವ ಖರ್ಚನ್ನು ಕಳೆಯಬೇಕು. ಬಣ್ಣ ಬಳಿಯುವ ಕೆಲಸ ಹೊರಗೆ ಕಾಣುತ್ತದೆ, ಹಣ ತಿನ್ನುವುದು ಒಳಗಿನದು. ನೋಂದಣಿಯ ಇಸವಿ ನೋಡಿ ಮುಂದಿನ ನವೀಕರಣ, ಐವತ್ತಕ್ಕೆ ಉಳಿದ ವರ್ಷಗಳನ್ನು ಎಣಿಸಬೇಕು. ಬೆಂಗಳೂರಿನಲ್ಲಿ ನೋಂದಣಿಯಾದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬರಬೇಕು, ಮಾರಾಟಕ್ಕೆ ಫಾರ್ಮ್ 29 ಮತ್ತು 30. ಹಳೆಯ ಬಿಲ್ಲು, ಸರ್ವಿಸ್ ಪುಸ್ತಕ, ಹಿಂದಿನ ಮಾಲೀಕರ ಪತ್ರಗಳು ಇದ್ದರೆ ಅವಕ್ಕೂ ಹಣ ಕೊಡಬೇಕು. ಕಾರು ತೊಳೆದು ಹೊಳೆಸಿಟ್ಟು ಕಾಗದ ಕಳೆದುಕೊಂಡವರಿಗಿಂತ ಧೂಳು ಹಿಡಿದ ಕಾರಿನ ಜೊತೆ ಒಂದು ಫೈಲು ಕೊಡುವವರು ಮೇಲು.

ಕೊನೆಗೆ ಒಂದು ಸಣ್ಣ ಕೆಲಸ ಉಳಿಯುತ್ತದೆ, ಭಾರತದ ಆರ್‌ಟಿಒ ಏಜೆಂಟರೆಲ್ಲರಿಗೂ ಗೊತ್ತಿರುವುದು. ಚಾಸಿಸ್ ನಂಬರ್ ಕೊರೆದಿರುವ ಜಾಗವನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದವಿಟ್ಟು ಅದರ ಮೇಲೆ ಪೆನ್ಸಿಲ್ ಉಜ್ಜುತ್ತಾರೆ. ಒಂದೊಂದೇ ಅಂಕಿ ಬೂದು ಬಣ್ಣದಲ್ಲಿ ಮೇಲೇಳುತ್ತದೆ. ಅಕ್ಷರಗಳ ಅಂತರ ಸಮವಾಗಿದ್ದರೆ, ಅರ ಹಾಕಿದ ಗುರುತಿಲ್ಲದಿದ್ದರೆ, ಆ ನಂಬರು ಆರ್‌ಸಿಯಲ್ಲಿರುವುದಕ್ಕೆ ಹೊಂದಿದರೆ, ಮಾತು ಮುಂದುವರಿಯಬಹುದು. ಇಲ್ಲದಿದ್ದರೆ ಕಾರು ಎಷ್ಟೇ ಚಂದವಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ನೋಟು ಅಚ್ಚು ಹಾಕುವ ಊರಿನಲ್ಲೂ ಹಳೆಯ ಕಾರಿನ ಲೆಕ್ಕ ಶುರುವಾಗುವುದು ಪೆನ್ಸಿಲ್ಲಿನ ಈ ಅಚ್ಚಿನಿಂದ.